ನೀರಿನ ರಾಕೆಟ್ ಅರ್ಧದಲ್ಲೇ ಲಾಗ ಹಾಕುವುದೇಕೆ?

ಪ್ರಶ್ನೆ: ಮಾಷ್ಟ್ರಿಗೆ ನಮಸ್ಕಾರ. ನಾನು ಕೇರಳದ ಕಾಸರಗೋಡಿನ ಕುಂಬಳೆ ಉಪಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯ ನಾಲ್ಕು ಮಕ್ಕಳು ಈ ಸಲದ ಶಾಸ್ತ್ರಮೇಳಕ್ಕೆ, ಅಂದರೆ ಶಾಲಾ ವಿಜ್ಞಾನ ಮೇಳಕ್ಕೆ, ನೀರಿನ ಬಾಟಲಿಯ ರಾಕೆಟ್ ಮಾಡಿದ್ದಾರೆ. ಬಾಟಲಿಯ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ ಚುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತೇವೆ. ಒಮ್ಮೆ ಶಾಲೆಯ ಮಾಡಿನಷ್ಟು ಎತ್ತರ, ಇನ್ನೊಮ್ಮೆ ತೆಂಗಿನ ಮರದಷ್ಟು. ಹೆಚ್ಚಿನ ಸಲ ಅರ್ಧದಲ್ಲೇ ಲಾಗ ಹಾಕಿ ಬೀಳುತ್ತದೆ. ಫೋಟೋ ಕಳಿಸಿದ್ದೇನೆ. ನೀರು ಎಷ್ಟು ಹಾಕಬೇಕು? ಹೆಚ್ಚು ಗಾಳಿಗೆ ಟಯರ್ ಅಂಗಡಿಯ ಕಂಪ್ರೆಸರ್ ಬಳಸಬಹುದೇ? ಬಹುಮಾನ ಬರಬೇಕಾದರೆ ಇನ್ನೇನು ಮಾಡಬೇಕು?

ಉತ್ತರ: ಟೀಚರೇ, ಕಂಪ್ರೆಸರಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಉಳಿದದ್ದು ಓದುವಷ್ಟರಲ್ಲಿ ಮಕ್ಕಳು ಟಯರ್ ಅಂಗಡಿಗೆ ಹೊರಟುಬಿಟ್ಟಾರು. ಬೇಡ. ಆ ಟ್ಯಾಂಕಿಯಲ್ಲಿ ಚದರ ಇಂಚಿಗೆ ನೂರು ಪೌಂಡಿಗಿಂತ ಹೆಚ್ಚು ಒತ್ತಡದ ಗಾಳಿ ಇರುತ್ತದೆ, ತಿರುಪು ಬಿಟ್ಟರೆ ಎರಡು ಉಸಿರಿನೊಳಗೆ ಬಾಟಲಿ ತುಂಬುತ್ತದೆ, ನಿಲ್ಲಿಸಲು ಕೈಗೆ ಪುರುಸೊತ್ತು ಸಿಗುವುದಿಲ್ಲ. ಪಂಪಿನಲ್ಲಿ ಒಂದೊಂದು ಹೊಡೆತವೂ ಲೆಕ್ಕಕ್ಕೆ ಸಿಗುತ್ತದೆ. ಮುಳ್ಳಿನ ಮಾಪಕ ಇರುವ, ನೆಲಕ್ಕೆ ಊರಿ ಒತ್ತುವ ಪಂಪು ಒಂದನ್ನು ಶಾಲೆಗೆ ತೆಗೆದುಕೊಳ್ಳಿ. ಶಾಲೆಯ ಮಕ್ಕಳ ಕೆಲಸಕ್ಕೆ ನನ್ನ ಲೆಕ್ಕದಲ್ಲಿ 40 ಪೌಂಡು ಸಾಕು, 60 ದಾಟಲೇಬಾರದು.

ಬಾಟಲಿ ಯಾವುದು ಎಂಬುದೂ ಇದಕ್ಕೇ ಅಂಟಿಕೊಂಡ ಮಾತು. ಕುಡಿಯುವ ನೀರಿನ ತೆಳು ಬಾಟಲಿ ಖಂಡಿತ ಆಗದು. ನೊರೆ ಬರುವ ತಂಪು ಪಾನೀಯದ ಎರಡು ಲೀಟರಿನ ಬಾಟಲಿಯೇ ಬೇಕು. ಬಿಸಿಲಲ್ಲಿ ನಿಂತ ಲಾರಿಯಲ್ಲೂ ಒಳಗಿನ ಅನಿಲದ ಒತ್ತಡ ತಡೆಯುವ ಹಾಗೆ ಅದನ್ನು ಮಾಡಿರುತ್ತಾರೆ. ಅದರ ತಳದಲ್ಲಿ ಹೂವಿನ ಎಸಳಿನಂತೆ ಐದು ಉಬ್ಬುಗಳಿರುವುದು ಚಂದಕ್ಕಲ್ಲ, ಒತ್ತಡಕ್ಕೆ ತಳ ಉಬ್ಬಿ ಹೊರಬಾರದಿರಲಿ ಎಂದು. ಯಾವುದಾದರೂ ಮದುವೆ ಮುಗಿದ ಮರುದಿನ ಕಲ್ಯಾಣಮಂಟಪದ ಹಿಂದೆ ಹೋದರೆ ಚೀಲ ತುಂಬ ಸಿಗುತ್ತವೆ. ಗೀರು ಬಿದ್ದದ್ದು, ಮಡಿಚಿ ಬಿಳಿ ಗೆರೆ ಮೂಡಿದ್ದು ಬೇಡ. ರೆಕ್ಕೆ ಅಂಟಲಿ ಎಂದು ಉಪ್ಪು ಕಾಗದ ಉಜ್ಜುವುದೂ ಬೇಡ, ಬಿಸಿ ಅಂಟಿನ ಗನ್ ಹಿಡಿದರಂತೂ ಬಾಟಲಿ ಅಲ್ಲೇ ಸೊಟ್ಟಗಾಗುತ್ತದೆ. ಪಾರ್ಸೆಲ್ ಸುತ್ತುವ ಅಗಲ ಟೇಪೇ ಒಳ್ಳೆಯದು.

ಹೊಸ ಬಾಟಲಿ ತಂದ ದಿನ ಒಂದು ಪರೀಕ್ಷೆ ಮಾಡಿ. ಕತ್ತಿನವರೆಗೂ ನೀರು ತುಂಬಿ, ಲಾಂಚರಿಗೆ (ರಾಕೆಟ್ಟನ್ನು ಹಿಡಿದಿಟ್ಟು ಬಿಡುವ ಸಲಕರಣೆ, ಮಾಡುವ ಬಗೆ ಮುಂದೆ ಹೇಳುತ್ತೇನೆ) ಸಿಕ್ಕಿಸಿ, 60 ಪೌಂಡಿಗೆ ಏರಿಸಿ ಐದು ನಿಮಿಷ ಬಿಡಿ. ನೀರು ಅದುಮಿದರೆ ಕುಗ್ಗುವುದಿಲ್ಲ, ಹಾಗಾಗಿ ಅದರಲ್ಲಿ ಶಕ್ತಿ ಅಷ್ಟಾಗಿ ಕೂಡುವುದಿಲ್ಲ. ಬಾಟಲಿ ಸೋತರೂ ಚಿರ್ರೆಂದು ನೀರು ಹಾರುತ್ತದೆ ಅಷ್ಟೆ. ಅದೇ ಬಾಟಲಿಯಲ್ಲಿ ಬರೇ ಗಾಳಿ ಇದ್ದಾಗ ಒಡೆದರೆ ಪಟಾಕಿಯೇ ಸರಿ.

ಈಗ ಲಾಗ ಹಾಕುವ ವಿಷಯ. ಫೋಟೋದಲ್ಲಿ ರೆಕ್ಕೆಗಳು ಬಾಟಲಿಯ ನಡುವಿಗಿವೆ, ವಿಮಾನದ ಹಾಗೆ. ಮೂಗು ಕಾಗದದ ಶಂಕು, ಒಳಗೆ ಖಾಲಿ. ಕಾಯಿಲೆ ಎರಡೂ ಅಲ್ಲೇ ಇದೆ.

ದೀಪಾವಳಿಯ ರಾಕೆಟ್ಟಿನ ಕಡ್ಡಿ ಕಿತ್ತು ಬೆಂಕಿ ಕೊಟ್ಟ ಪೋಕರಿ ಪ್ರತಿ ಊರಿನಲ್ಲೂ ಒಬ್ಬನಿರುತ್ತಾನೆ. ಅದು ಎಲ್ಲಿಗೆ ಹೋಯಿತೆಂದು ಅವನ ಅಂಗಿಯನ್ನೇ ಕೇಳಬೇಕು. ಹಾರುವ ವಸ್ತುವಿಗೆ ಎರಡು ಬಿಂದುಗಳಿವೆ. ಒಂದು ಗುರುತ್ವ ಕೇಂದ್ರ, ಬೆರಳ ಮೇಲೆ ಇಟ್ಟರೆ ತೂಗಿ ನಿಲ್ಲುವ ಜಾಗ. ಇನ್ನೊಂದು ಗಾಳಿ ಒತ್ತುವ ಕೇಂದ್ರ, ಪಕ್ಕದಿಂದ ಬೀಸಿದ ಗಾಳಿಯ ಒಟ್ಟು ತಳ್ಳು ಬಿದ್ದಂತೆ ಕಾಣುವ ಜಾಗ. ರಾಕೆಟ್ ತಿರುಗುವುದು ಮೊದಲನೆಯದರ ಸುತ್ತ, ಗಾಳಿ ಹಿಡಿದು ತಳ್ಳುವುದು ಎರಡನೆಯದನ್ನು. ತಳ್ಳುವ ಜಾಗ ಬಾಲದ ಕಡೆ ಇದ್ದರೆ ಮೂಗು ಸ್ವಲ್ಪ ಓರೆಯಾದಾಗ ಗಾಳಿಯೇ ಬಾಲವನ್ನು ಹಿಂದಕ್ಕೆಳೆದು ನೇರ ಮಾಡುತ್ತದೆ. ತಳ್ಳುವ ಜಾಗ ಮೂಗಿನ ಕಡೆ ಇದ್ದರೆ ಅದೇ ಗಾಳಿ ಓರೆಯನ್ನು ಇನ್ನಷ್ಟು ಓರೆ ಮಾಡಿ ಲಾಗ ಹಾಕಿಸುತ್ತದೆ. ನಿಮ್ಮ ಮಕ್ಕಳ ರಾಕೆಟ್ಟಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಇವೆ. ಹಾಗಾಗಿ ಒಂದು ದಿನ ನೇರ ಹೋಗುತ್ತದೆ, ಒಂದು ದಿನ ಇಲ್ಲ.

ಗುರುತ್ವ ಕೇಂದ್ರ ಕಂಡುಹಿಡಿಯುವುದು ಮಕ್ಕಳಿಗೇ ಗೊತ್ತು. ಇನ್ನೊಂದಕ್ಕೆ ಒಂದು ಉಪಾಯವಿದೆ: ರೆಕ್ಕೆ ಸಮೇತ ರಾಕೆಟ್ಟನ್ನು ಗೋಡೆಯ ನೆರಳಿನಂತೆ ರಟ್ಟಿನ ಮೇಲೆ ಬರೆದು, ಕತ್ತರಿಸಿ, ಆ ರಟ್ಟನ್ನು ಸ್ಕೇಲಿನ ಅಂಚಿನಲ್ಲಿ ತೂಗಿಸಿ. ಅದು ನಿಂತ ಜಾಗವೇ ಸುಮಾರಾಗಿ ಗಾಳಿ ಒತ್ತುವ ಕೇಂದ್ರ. ಗುರುತ್ವ ಕೇಂದ್ರ ಅದಕ್ಕಿಂತ ಕನಿಷ್ಠ ಒಂದು ಬಾಟಲಿಯ ಅಗಲದಷ್ಟು, ಅಂದರೆ 10-11 ಸೆಂ.ಮೀ., ಮೂಗಿನ ಕಡೆಗಿರಬೇಕು. ನೀರು ಹಾಕದೆ, ಖಾಲಿ ರಾಕೆಟ್ಟಿನಲ್ಲೇ ನೋಡಿ. ನೀರು ಖಾಲಿಯಾಗುವಾಗ ರಾಕೆಟ್ ನೆಲದಿಂದ ಒಂದೆರಡು ಮೀಟರ್ ಏರಿರುತ್ತದೆ ಅಷ್ಟೆ, ಉಳಿದ ದಾರಿಯೆಲ್ಲ ಖಾಲಿ ಬಾಟಲಿಯದ್ದೇ.

ಅಷ್ಟಾಗಬೇಕಾದರೆ ರೆಕ್ಕೆ ಕೆಳಗಿಳಿಯಬೇಕು, ಬಾಟಲಿಯ ಕತ್ತಿನ ಹತ್ತಿರಕ್ಕೆ. ಮೂಗಿಗೆ ತೂಕ ಬರಬೇಕು. ಸುಮಾರು 50 ಗ್ರಾಂ ಜೇಡಿಮಣ್ಣನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂಗಿನೊಳಗೆ ಕೂರಿಸಿ, ತುದಿಗೆ ಅರ್ಧ ಟೆನಿಸ್ ಚೆಂಡು ಅಂಟಿಸಿ. ಕಲ್ಲು, ನಟ್ಟು, ಬೋಲ್ಟು ಬೇಡ. ಮೇಲೆ ಹೋದದ್ದು ಯಾರದಾದರೂ ತಲೆಯ ಮೇಲೆ ಇಳಿಯಬಹುದು. ತೂಕ ಹೆಚ್ಚಾದರೆ ಎತ್ತರ ಕಡಿಮೆಯಾಗುವುದಿಲ್ಲವೇ ಎಂದು ಮಕ್ಕಳು ಕೇಳಬೇಕು, ಕೇಳದಿದ್ದರೆ ನೀವೇ ಕೇಳಿ. ಹತ್ತಿಯ ಉಂಡೆಯನ್ನೂ ಅಡಿಕೆಯನ್ನೂ ಒಂದೇ ಬಲದಲ್ಲಿ ಎಸೆಯಲಿ, ಉತ್ತರ ಸಿಗುತ್ತದೆ. ತೀರಾ ಹಗುರವಾದ ರಾಕೆಟ್ಟನ್ನು ಗಾಳಿ ಬೇಗ ತಡೆದು ನಿಲ್ಲಿಸುತ್ತದೆ. ಎಷ್ಟು ತೂಕಕ್ಕೆ ಲಾಭ ಮುಗಿದು ನಷ್ಟ ಶುರುವಾಗುತ್ತದೆ ಎಂಬುದೇ ಒಂದು ಬೇರೆ ಪ್ರಯೋಗವಾಗುತ್ತದೆ.

ರೆಕ್ಕೆಗೆ ರಟ್ಟು ಹಾಕಿದ್ದೀರಿ, ಅದು ಮೊದಲ ಸ್ನಾನಕ್ಕೇ ಮೆತ್ತಗಾಗುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯ ತುಂಡುಗಳನ್ನು ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ. ಆದರೆ ನಾನು ಮೊದಮೊದಲ ಹಾರಾಟಗಳಿಗೆಲ್ಲ ಅಡಿಕೆ ಹಾಳೆಯ ರೆಕ್ಕೆಯನ್ನೇ ಹಾಕಿಸುವುದು. ಹಾಳೆಯನ್ನು ನೆನೆಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಮುರಕಲ್ಲು ಹೇರಿ ಒಣಗಿಸಿದರೆ ಚಪ್ಪಟೆಯಾಗಿ, ಹಗುರವಾಗಿ, ಗಟ್ಟಿಯಾಗಿ ಬರುತ್ತದೆ. ನಾಲ್ಕೈದು ಸಲ ಹಾರಿದ ಮೇಲೆ ಅದೂ ನೀರು ಕುಡಿದು ಬಾಗುತ್ತದೆ ನಿಜ. ಆದರೆ ತೋಟದಲ್ಲಿ ಬಿದ್ದದ್ದಕ್ಕೆ ಕ್ರಯ ಕೊಡಬೇಕಾಗಿಲ್ಲ, ಮಕ್ಕಳು ಆಕಾರ ಬದಲಿಸಿ ಬದಲಿಸಿ ನೋಡಲು ಹೆದರುವುದಿಲ್ಲ. ಮೂರು ರೆಕ್ಕೆಯಾದರೂ ಸರಿ, ನಾಲ್ಕಾದರೂ ಸರಿ, ನಡುವಣ ಅಂತರ ಸಮ ಇರಲಿ.

ಗದ್ದೆಗೆ ಕೊಂಡೊಯ್ಯುವ ಮೊದಲು ತಿರುಗಿಸಿ ನೋಡುವ ಪರೀಕ್ಷೆ ಒಂದಿದೆ. ತೂಗಿ ನಿಲ್ಲುವ ಜಾಗಕ್ಕೆ ಎರಡು ಮೀಟರ್ ಉದ್ದದ ಹುರಿ ಕಟ್ಟಿ, ಟೇಪಿನಿಂದ ಭದ್ರ ಮಾಡಿ, ಅಂಗಳದ ನಡುವೆ ನಿಂತು ತಲೆಯ ಸುತ್ತ ಬೀಸಿ. ಮೂಗು ಮುಂದಾಗಿ ಸುತ್ತಿದರೆ ಮೇಲೆಯೂ ಹಾಗೆಯೇ ಹೋಗುತ್ತದೆ. ಅಡ್ಡಡ್ಡ ಸುತ್ತಿದರೆ, ಬಾಲ ಮುಂದಾದರೆ, ಇನ್ನೂ ಸ್ವಲ್ಪ ಮಣ್ಣು ಹಾಕಿ.

ಇಷ್ಟಾದರೆ ಲಾಗ ನಿಲ್ಲುತ್ತದೆ. ಆದರೆ ಒಮ್ಮೆ ಮಾಡಿನಷ್ಟು, ಒಮ್ಮೆ ತೆಂಗಿನಷ್ಟು ಎತ್ತರ ಎಂಬ ತೊಂದರೆ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಕಾರಣ ಬಿರಡೆ. ಬಿರಡೆ ಯಾವಾಗ ಬಿಡಬೇಕು ಎಂಬುದು ಅದನ್ನು ಒತ್ತಿದ ಕೈಯ ಬಲ, ಅದು ಎಷ್ಟು ಒದ್ದೆ, ಎಷ್ಟು ಹಳತು ಎಂಬುದರ ಮೇಲೆ ಹೋಗುತ್ತದೆ. ಒಮ್ಮೆ 20 ಪೌಂಡಿಗೆ ಬಿಟ್ಟದ್ದು ಇನ್ನೊಮ್ಮೆ 35ಕ್ಕೆ ಬಿಡುತ್ತದೆ. ಒತ್ತಡ ಪ್ರತಿಸಲ ಬೇರೆಯಾದರೆ ನೀರಿನ ಅಳತೆ ಬದಲಿಸಿ ನೋಡಿದ್ದಕ್ಕೆ ಅರ್ಥವೇ ಇಲ್ಲ; ಎತ್ತರ ಬದಲಾದದ್ದು ನೀರಿನಿಂದಲೋ ಬಿರಡೆಯಿಂದಲೋ ಹೇಳುವವರು ಯಾರು? ಬಿರಡೆಯ ರಾಕೆಟ್ ಆಟಕ್ಕೆ ಚಂದ. ಪ್ರಯೋಗಕ್ಕೆ, ನಾವು ಹೇಳಿದಾಗ ಮಾತ್ರ ಬಿಡುವ ಲಾಂಚರ್ ಬೇಕು. ನಿಮ್ಮ ಸಮಯದ ಅರ್ಧವನ್ನು ಅದಕ್ಕೇ ಕೊಡಿ ಎಂದರೂ ತಪ್ಪಿಲ್ಲ.

ಪ್ಲಂಬಿಂಗಿನ ಅರ್ಧ ಇಂಚಿನ ದಪ್ಪ ಪಿ.ವಿ.ಸಿ. ಪೈಪು, ಹೊರವ್ಯಾಸ 21.3 ಮಿ.ಮೀ. ಇರುವಂಥದ್ದು, ಈ ಬಾಟಲಿಗಳ ಬಾಯಿಯೊಳಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ತೋಟಕ್ಕೆ ನೀರು ಬಿಡುವ 20 ಮಿ.ಮೀ. ಪೈಪು ಸಡಿಲವಾಗುತ್ತದೆ, ಅಂಗಡಿಗೆ ಹೋಗುವಾಗ ಬಾಟಲಿಯನ್ನೇ ಹಿಡಿದುಕೊಂಡು ಹೋಗಿ. ಒಂದು ಅಡಿಯ ತುಂಡನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೆಳಗೆ ಮೊಣಕೈ ಹಾಕಿ ಪಕ್ಕಕ್ಕೆ ತಂದು, ತುದಿಯ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ. ಬಾಟಲಿಯ ಬಾಯಿ ಬರುವ ಜಾಗದಲ್ಲಿ ಪೈಪಿನ ಸುತ್ತ ಸಣ್ಣ ತೋಡು ಕೊರೆದು ರಬ್ಬರ್ ಬಳೆ ಹಾಕಿದರೆ ಗಾಳಿ ಸೋರುವುದಿಲ್ಲ. ಬಾಟಲಿಯ ಕತ್ತಿನಲ್ಲಿ ಒಂದು ಉಂಗುರದಂಥ ಅಂಚು ಇದೆ ನೋಡಿ, ಅದನ್ನು ಹಿಡಿಯಬೇಕಾದದ್ದು ವಯರ್ ಕಟ್ಟುವ ಪ್ಲಾಸ್ಟಿಕ್ ಟೈಗಳ ತಲೆ. ಎಂಟು ಹತ್ತು ಟೈಗಳನ್ನು ಪೈಪಿನ ಸುತ್ತ ತಲೆ ಮೇಲಾಗಿ ನಿಲ್ಲಿಸಿ, ಕೆಳಗೆ ಹೋಸಿನ ಕ್ಲಾಂಪಿನಿಂದ ಬಿಗಿಯಿರಿ. ಹೊರಗಿನಿಂದ ದೊಡ್ಡ ಪೈಪಿನ ಗಿಡ್ಡ ತುಂಡೊಂದು ಬಳೆಯಂತೆ ಮೇಲೆ ಕೆಳಗೆ ಜಾರಬೇಕು. ಬಳೆ ಮೇಲಿದ್ದಾಗ ಟೈಗಳ ತಲೆ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಗ್ಗದಿಂದ ಬಳೆಯನ್ನು ಕೆಳಗೆಳೆದರೆ ತಲೆಗಳು ಹೊರಕ್ಕೆ ಹರಡಿ ರಾಕೆಟ್ಟನ್ನು ಬಿಡುತ್ತವೆ. ಅಡ್ಡ ಹೊರಟ ಪೈಪಿಗೆ ಒಂದು ಸಣ್ಣ ಬಾಲ್ ವಾಲ್ವ್ ಮರೆಯದೆ ಹಾಕಿ, ಅದಕ್ಕೂ ಉದ್ದದ ಹಗ್ಗ ಕಟ್ಟಿ. ರಾಕೆಟ್ ಕಚ್ಚಿಕೊಂಡು ಕೂತರೆ ಹತ್ತಿರ ಹೋಗದೆ ಗಾಳಿ ಬಿಡಲು ಅದೊಂದೇ ದಾರಿ.

ಪಿ.ವಿ.ಸಿ.ಯ ಒಂದು ಕೆಟ್ಟ ಗುಣ ಹೇಳಬೇಕು: ನೀರಿನ ಒತ್ತಡ ತಡೆಯುತ್ತದೆ, ಆದರೆ ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಆದ್ದರಿಂದ ಪೈಪು ಗಿಡ್ಡ ಇರಲಿ, ಸುತ್ತಲೂ ಹಳೆಯ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿ. ಪಂಪಿಗೂ ಲಾಂಚರಿಗೂ ನಡುವೆ ಕಂಪ್ರೆಸರಿಗೆ ಬಳಸುವ ನೀಲಿ ನಳಿಗೆ ಐದು ಮೀಟರಾದರೂ ಇರಬೇಕು. ಪಂಪ್ ಹೊಡೆಯುವವರಿಗೆ ಕನ್ನಡಕ, ಉಳಿದವರು ಹತ್ತು ಮೀಟರ್ ದೂರ, ಹಗ್ಗ ಎಳೆಯುವ ಮೊದಲು ಹತ್ತರಿಂದ ಒಂದಕ್ಕೆ ಗಟ್ಟಿಯಾಗಿ ಎಣಿಕೆ. ಬಾಟಲಿಯ ಮೇಲೆ ಬಗ್ಗಿ ಇಣುಕಿದ ಮಗುವನ್ನು ಆ ದಿನ ಬರೆಯುವ ಕೆಲಸಕ್ಕೆ ಹಾಕಿ. ನಾನು ಹಾಗೆ ಮಾಡುತ್ತಿದ್ದೆ, ಎರಡನೆಯವರು ಇಣುಕುತ್ತಿರಲಿಲ್ಲ.

ನೀರು ಎಷ್ಟು ಎಂದು ಕೇಳಿದಿರಿ. ಮೂರನೇ ಒಂದು ಪಾಲು ಎಂದು ಎಲ್ಲರೂ ಹೇಳುತ್ತಾರೆ, ಎರಡು ಲೀಟರಿನಲ್ಲಿ ಸುಮಾರು 600-700 ಮಿ.ಲೀ. ಉತ್ತರ ಸರಿಯೇ. ಆದರೆ ಅದನ್ನು ಮಕ್ಕಳಿಗೆ ಹೇಳಬೇಡಿ, ಅದೇ ನಿಮ್ಮ ಪ್ರಾಜೆಕ್ಟು. ಗಾಳಿಯೆಂದರೆ ಅದುಮಿಟ್ಟ ಸ್ಪ್ರಿಂಗು, ನೀರೆಂದರೆ ಹಿಂದಕ್ಕೆ ಎಸೆಯುವ ತೂಕ. ಬಾಟಲಿ ತುಂಬ ನೀರಿದ್ದರೆ ಎಸೆಯಲು ಸ್ಪ್ರಿಂಗೇ ಇಲ್ಲ. ನೀರೇ ಇಲ್ಲದಿದ್ದರೆ ಸ್ಪ್ರಿಂಗಿಗೆ ಎಸೆಯಲು ತೂಕ ಇಲ್ಲ. ಬರೇ ಗಾಳಿಯಿಂದಲೂ ಬಾಟಲಿ ಸ್ವಲ್ಪ ಹಾರುತ್ತದೆ, ಒಮ್ಮೆ ತೋರಿಸಿ. ಇವೆರಡರ ನಡುವೆ ಎಲ್ಲೋ ಒಂದು ಶಿಖರ ಇರಲೇಬೇಕು ಎಂದು ಮಕ್ಕಳೇ ತರ್ಕಿಸಲಿ. ಆಮೇಲೆ 40 ಪೌಂಡನ್ನು ಬದಲಿಸದೆ, 200, 400, 600, 800, 1000 ಮಿ.ಲೀ. ನೀರಿಗೆ ಐದೈದು ಸಲ ಹಾರಿಸಲಿ. ಒಟ್ಟು 25 ಹಾರಾಟ, ಎರಡು ಬೆಳಗಿನ ಕೆಲಸ. ಗ್ರಾಫ್ ಎಳೆದಾಗ ಗೆರೆ ಏರಿ, ಮೇಲೆ ಚಪ್ಪಟೆಯಾಗಿ, ನಿಧಾನ ಇಳಿಯುತ್ತದೆ. ಆ ಚಪ್ಪಟೆಯೇ ಹೊಸ ಸಂಗತಿ: ನೀರು ಐವತ್ತು ಮಿ.ಲೀ. ಹೆಚ್ಚುಕಡಿಮೆಯಾದರೆ ಎತ್ತರ ಅಷ್ಟೇನೂ ಬದಲಾಗುವುದಿಲ್ಲ, ಒತ್ತಡ ಐದು ಪೌಂಡು ಬದಲಾದರೆ ಕಣ್ಣಿಗೇ ಕಾಣುತ್ತದೆ.

ಹತ್ತನೇ ತರಗತಿಯ ಅಣ್ಣಂದಿರು ಕೂಡಿಕೊಂಡರೆ ಲೆಕ್ಕವನ್ನೂ ಮಾಡಿಸಬಹುದು. 40 ಪೌಂಡು ಎಂದರೆ ಸುಮಾರು 2,76,000 ಪಾಸ್ಕಲ್. ಅದರ ಎರಡು ಪಟ್ಟನ್ನು ನೀರಿನ ಸಾಂದ್ರತೆ 1000ದಿಂದ ಭಾಗಿಸಿ ವರ್ಗಮೂಲ ತೆಗೆದರೆ ನೀರು ಹೊರಬೀಳುವ ವೇಗ: ಸೆಕೆಂಡಿಗೆ 23.5 ಮೀಟರ್, ಗಂಟೆಗೆ ಸುಮಾರು 85 ಕಿ.ಮೀ. ಬಾಯಿಯ ವಿಸ್ತೀರ್ಣ ಸುಮಾರು 3.8 ಚದರ ಸೆಂ.ಮೀ. ಒತ್ತಡವನ್ನು ಅದರಿಂದ ಗುಣಿಸಿ ಇಮ್ಮಡಿ ಮಾಡಿದರೆ ಹೊರಡುವಾಗಿನ ತಳ್ಳು: 210 ನ್ಯೂಟನ್, ಅಂದರೆ 21 ಕಿಲೋ ತೂಕದಷ್ಟು. ನೀರು ಸೇರಿ ಒಂದು ಕಿಲೋ ಇಲ್ಲದ ರಾಕೆಟ್ಟಿಗೆ! ಆದರೆ ನೀರು ಇಳಿದಂತೆ ಗಾಳಿ ಹಿಗ್ಗಿ ಒತ್ತಡ ಸುಮಾರು ಅರ್ಧಕ್ಕೆ ಬೀಳುತ್ತದೆ, ಆಟವೆಲ್ಲ ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ಮುಗಿಯುತ್ತದೆ. ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ತೆಗೆಯಿರಿ. ಬಿದ್ದ ಬಾಟಲಿಯನ್ನು ಕೂಡಲೇ ಎತ್ತಿ ನೋಡಿದರೆ ಒಳಗೆ ಬೆಳ್ಳಗೆ ಮಂಜು ಕಟ್ಟಿರುತ್ತದೆ. ಗಾಳಿ ಥಟ್ಟನೆ ಹಿಗ್ಗಿದಾಗ ತಣ್ಣಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ನನಗೆ ಗೊತ್ತಿಲ್ಲ.

ಎತ್ತರ ಅಳೆಯುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಕೋನಮಾಪಕದ ನಡುವಿಗೆ ನೂಲು ಕಟ್ಟಿ, ತುದಿಗೆ ನಟ್ಟು ತೂಗಿಸಿ, ನೇರ ಅಂಚಿಗೆ ಸ್ಟ್ರಾ ಅಂಟಿಸಿದರೆ ಸಲಕರಣೆ ಆಯಿತು. ಲಾಂಚರಿನಿಂದ 30 ಮೀಟರ್ ಅಳೆದು ನಿಂತು, ಸ್ಟ್ರಾದೊಳಗಿನಿಂದ ರಾಕೆಟ್ಟಿನ ತುದಿಮುಟ್ಟಿದ ಕ್ಷಣ ನೋಡಿ ನೂಲನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಏರುಕೋನ (ನೂಲು ತೋರಿಸಿದ ಅಂಕೆಗೂ 90ಕ್ಕೂ ಇರುವ ವ್ಯತ್ಯಾಸ) 45 ಡಿಗ್ರಿಯಾದರೆ ಎತ್ತರ 30 ಮೀಟರ್, 40 ಆದರೆ 25 ಚಿಲ್ಲರೆ. ಅದಕ್ಕೆ ನೋಡಿದವರ ಕಣ್ಣಿನ ಎತ್ತರ ಕೂಡಿಸಿ. ಒಂದು ಡಿಗ್ರಿ ತಪ್ಪಿದರೆ ಸುಮಾರು ಒಂದು ಮೀಟರ್ ತಪ್ಪುತ್ತದೆ, ಅದನ್ನೂ ಬರೆಯಿಸಿ. ರಾಕೆಟ್ ಒಂದು ಕಡೆಗೆ ವಾಲಿದರೆ ಲೆಕ್ಕ ಕೆಡುವುದರಿಂದ ಎದುರುಬದುರು ಇಬ್ಬರು ನಿಂತು ಸರಾಸರಿ ತೆಗೆಯಲಿ. ಮೂರನೆಯವರು ಹೊರಟಲ್ಲಿಂದ ನೆಲ ಮುಟ್ಟುವವರೆಗಿನ ಸಮಯ ನೋಡಲಿ: ಸೆಕೆಂಡಿನ ವರ್ಗವನ್ನು 1.23ರಿಂದ ಗುಣಿಸಿದರೆ ಮೀಟರಿನಲ್ಲಿ ಸುಮಾರು ಎತ್ತರ ಬರುತ್ತದೆ, ಐದು ಸೆಕೆಂಡಿಗೆ 31. ಎರಡು ಲೆಕ್ಕ ತಾಳೆಯಾಗದಿದ್ದರೆ ಯಾಕೆಂದು ಮಕ್ಕಳು ಜಗಳವಾಡಲಿ, ಗಾಳಿಯ ತಡೆಯ ಪಾಠ ತಾನಾಗಿ ಬರುತ್ತದೆ.

ಜಾಗ? ಪದವು, ಅಂದರೆ ಮುರಕಲ್ಲಿನ ಬಯಲುಗುಡ್ಡ, ವಿಶಾಲ, ಮರವಿಲ್ಲ, ಆದರೆ ಮುರಕಲ್ಲು ಬಾಟಲಿಯನ್ನು ತಿನ್ನುತ್ತದೆ. ಮೂರು ಸಲ ಬಿದ್ದರೆ ಮೈತುಂಬ ಗೀರು. ಕೊಯ್ಲಾದ ಗದ್ದೆ ಸಿಕ್ಕಿದರೆ ಅದೇ ಒಳ್ಳೆಯದು. ಅಡಿಕೆ ತೋಟದ ಬದಿ ಬೇಡ, ಸೋಗೆಯಲ್ಲಿ ಸಿಕ್ಕಿದ ರಾಕೆಟ್ಟನ್ನು ಇಳಿಸಲು ಮದ್ದು ಬಿಡುವವರು ಬರುವವರೆಗೆ ಕಾಯಬೇಕಾದೀತು. ಹೊತ್ತು ಬೆಳಗ್ಗೆಯೇ ಇರಲಿ. ನಮ್ಮ ಕರಾವಳಿಯಲ್ಲಿ ಬಿಸಿಲೇರಿದ ಮೇಲೆ ಕಡಲಗಾಳಿ ಏಳುತ್ತದೆ, ಬಾಲದಲ್ಲಿ ರೆಕ್ಕೆಯಿರುವ ರಾಕೆಟ್ ಗಾಳಿ ಬಂದ ದಿಕ್ಕಿಗೇ ಮೂಗು ತಿರುಗಿಸುತ್ತದೆ. ಇದು ಗೊತ್ತಿದ್ದೂ ಒಂದು ಸಲ ಮಧ್ಯಾಹ್ನ ಮೂರಕ್ಕೆ ಹಾರಿಸಿ, ಪಶ್ಚಿಮಕ್ಕೆ ತಿರುಗಿದ ರಾಕೆಟ್ ಶಾಲೆಯ ಅಡುಗೆ ಕೊಟ್ಟಿಗೆಯ ಮೂರು ಹಂಚು ಒಡೆದದ್ದಕ್ಕೆ ನಾನೇ ದುಡ್ಡು ತೆತ್ತಿದ್ದೇನೆ. ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಬೇರೆ; ಮೋಡ ಕಪ್ಪಾದರೆ ಬಯಲಿನಿಂದ ಮಕ್ಕಳನ್ನು ಒಳಗೆ ಕರೆಯಿರಿ.

ಬಹುಮಾನದ ಮಾತು. ಮೇಳದ ಕೋಣೆಯೊಳಗೆ ಹಾರಿಸಲು ಆಗುವುದಿಲ್ಲ, ಹಾಗಾಗಿ ವರ್ಕಿಂಗ್ ಮಾಡೆಲ್ ಎಂದು ಕೊಡುವುದಕ್ಕಿಂತ ಸಂಶೋಧನಾ ಪ್ರಾಜೆಕ್ಟಾಗಿ ಕೊಡುವುದೇ ಬುದ್ಧಿವಂತಿಕೆ ಎಂದು ನನ್ನ ಅಭಿಪ್ರಾಯ. ಮೇಜಿನ ಮೇಲೆ ಲಾಂಚರ್, ಗೋಡೆಯಲ್ಲಿ ಗ್ರಾಫ್, ಮೊಬೈಲಿನಲ್ಲಿ ವಿಡಿಯೋ, ಎದುರಿಗೆ ಮಣ್ಣಾದ ಅದೇ ನೋಟ್‌ಪುಸ್ತಕ. ಚಂದದ ಅಕ್ಷರದಲ್ಲಿ ಹೊಸತಾಗಿ ಬರೆದ ಪುಸ್ತಕ ಬೇಡ. ಕೆಟ್ಟುಹೋದ ಹಾರಾಟಗಳೂ, ಯಾಕೆ ಕೆಟ್ಟವು ಎಂಬುದೂ ಅದರಲ್ಲಿರಬೇಕು.

ಕೇಳುವವರು ಒಂದು ಪ್ರಶ್ನೆಯನ್ನಂತೂ ಕೇಳುತ್ತಾರೆ: ರಾಕೆಟ್ ಏನನ್ನು ತಳ್ಳಿ ಮೇಲೆ ಹೋಗುತ್ತದೆ? ನೆಲವನ್ನು ಎಂದರೆ ಮಾರ್ಕು ಹೋಯಿತು. ಬಾಟಲಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ತಳ್ಳುತ್ತದೆ, ನ್ಯೂಟನ್ನನ ಮೂರನೇ ನಿಯಮ. ನಮ್ಮದೇ ಕೇರಳದ ತೆಂಕು ತುದಿಯ ತುಂಬಾ ಎಂಬ ಊರಿನಿಂದ 1963ರ ನವೆಂಬರ್ 21ರಂದು ಹಾರಿದ ನೈಕಿ-ಅಪಾಚಿ ರಾಕೆಟ್ಟಿನಲ್ಲಿ ನೀರಿನ ಬದಲು ಉರಿದ ಇಂಧನದ ಬಿಸಿ ಅನಿಲ ಇತ್ತು, ನಿಯಮ ಇದೇ.

ತೀರ್ಪುಗಾರರಿಗೆ ಕನ್ನಡ ಬಾರದಿರಬಹುದು, ಅದು ನಮಗೆ ಹೊಸದಲ್ಲ. ಮಕ್ಕಳು ಕನ್ನಡದಲ್ಲೇ ವಿವರಿಸಲಿ. ಆದರೆ ಒತ್ತಡಕ್ಕೆ ಮಲಯಾಳದಲ್ಲಿ ‘ಮರ್ದಂ’, ಸಂವೇಗಕ್ಕೆ ‘ಆಕ್ಕಂ’ ಎನ್ನುತ್ತಾರೆಂದು ತಿಳಿದಿರಲಿ; ಬಲ ಅಲ್ಲಿಯೂ ‘ಬಲಂ’. ಗ್ರಾಫಿನ ಅಂಚಿನಲ್ಲಿ ಎರಡೂ ಭಾಷೆಯಲ್ಲಿ ಬರೆದರೆ ಅರ್ಧ ಮಾತು ಉಳಿಯುತ್ತದೆ.

ಮೇಳಕ್ಕೆ ಹೊರಡುವ ದಿನ ರಬ್ಬರ್ ಬಳೆ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಟೈಗಳನ್ನು ಒಂದು ಪ್ಯಾಕೆಟ್ ಇಡಿ. ಪಂಪಿನ ಮೇಲೆ ಶಾಲೆಯ ಹೆಸರು ಬರೆದಿರಲಿ. ಬೈಕಿನವರು ಯಾರಾದರೂ ಐದು ನಿಮಿಷಕ್ಕೆಂದು ಒಯ್ದರೆ ಅದು ಮತ್ತೆ ಸಿಗುವುದು ಮುಂದಿನ ವರ್ಷ.